ಮುದಿ ಇಲಿಗಳ ಏಕಾದಶಿ

ಇಲಿ ಕಚ್ಚಿದರೆ ಕೈ ಎಳೆದುಕೊಳ್ಳಬೇಡಿ. ಎಳೆದರೆ ಚರ್ಮ ಹರಿಯುತ್ತದೆ, ಇಲಿಯೂ ಬೆದರುತ್ತದೆ, ಮರುದಿನ ಒಬ್ಬರನ್ನೊಬ್ಬರು ಕಂಡರೆ ಇಬ್ಬರಿಗೂ ಭಯ. ಸುಮ್ಮನೆ ನಿಂತು ಮನಸ್ಸಿನಲ್ಲೇ ಹತ್ತು ಎಣಿಸಿ, ಅದೇ ಬಿಡುತ್ತದೆ. ಪ್ರಾಣಿ ವಿಭಾಗಕ್ಕೆ ಹೊಸದಾಗಿ ಸೇರುವ ಮಕ್ಕಳು ಕಲಿಯಬೇಕಾದ ಪಾಠ ಇದೊಂದೇ ಅಂತ ಮೂವತ್ತು ವರ್ಷ ಹೇಳಿಕೊಂಡು ಬಂದೆ. ನಿವೃತ್ತಿಗೆ ಒಂದು ವರ್ಷ ಇರುವಾಗ ಇನ್ನೊಂದು ಪಾಠ ನನಗೇ ಆಯಿತು. ಅದನ್ನು ಹೇಳದೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ, ಹೇಳಲು ಕೂತರೆ ನಗು ತಡೆಯುವುದಿಲ್ಲ. ಹಾಗಾಗಿ ಅಕ್ಷರ ಸ್ವಲ್ಪ ವಾಲಿದ್ದರೆ ಮನ್ನಿಸಿ.

ನನ್ನ ಹೆಸರು ಪದ್ಮಾವತಿ. ಚೆನ್ನೈನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇಲಿಗಳನ್ನು ಸಾಕುವ ಟೆಕ್ನಿಷಿಯನ್ ಆಗಿದ್ದೆ. ಅಲ್ಲಿ ಮೆದುಳಿನ ಸಂಶೋಧನೆ ನಡೆಯುತ್ತದೆ. ನಮ್ಮದು ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮಾಧ್ವರ ಮನೆ. ಕೋಡಂಬಾಕ್ಕಂನಲ್ಲಿ ಕನ್ನಡ ಚಿತ್ರಗಳ ಶೂಟಿಂಗ್ ನಡೆಯುತ್ತಿದ್ದ ಕಾಲಕ್ಕೆ ನಮ್ಮ ಬೀದಿಯಲ್ಲಿ ಕನ್ನಡ ಕೇಳಿಸುತ್ತಿತ್ತು, ಈಗ ನಮ್ಮ ಅಡುಗೆಮನೆಯಲ್ಲಿ ಮಾತ್ರ. ಅಲ್ಲಿಯೂ ನಾನು ಕನ್ನಡದಲ್ಲಿ ಕೇಳುತ್ತೇನೆ, ಮೊಮ್ಮಕ್ಕಳು ತಮಿಳಿನಲ್ಲಿ ಉತ್ತರ ಕೊಡುತ್ತಾರೆ, ಯಜಮಾನರು ಟಿವಿಯ ಮುಂದೆ ಯಾವ ಭಾಷೆಯಲ್ಲಿಯೂ ಉತ್ತರ ಕೊಡುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೇರಿದ ಮೊದಲ ದಿನವೇ ಬೈಸಿಕೊಂಡೆ. ತಲೆ ತುಂಬ ಮಲ್ಲಿಗೆ ಮುಡಿದು ಹೋಗಿದ್ದೆ. ಇಲಿಗೆ ಮೂಗೇ ಪ್ರಪಂಚ. ಹೂವು, ಸೆಂಟು, ಊದುಬತ್ತಿಯ ವಾಸನೆ ಬಿದ್ದರೆ ಅದರ ದಿನಚರಿಯೇ ತಪ್ಪುತ್ತದೆ. ನಮ್ಮ ಹಿರಿಯ ವಿಜ್ಞಾನಿ ಡಾಕ್ಟರ್ ಸೇತುರಾಮನ್ ಆಗ ಇನ್ನೂ ಹುಡುಗರು, ಆದರೆ ಕೋಪಕ್ಕೆ ವಯಸ್ಸಾಗಿತ್ತು. ಹೂವನ್ನು ತೆಗೆದು ಹೊರಗಿನ ಮೊಳೆಗೆ ಸಿಕ್ಕಿಸಿ ಬರಲು ಹೇಳಿದರು. ಆವತ್ತಿನಿಂದ ಮೂವತ್ತೆರಡು ವರ್ಷ ಆ ಮೊಳೆ ನನ್ನದೇ ಆಗಿತ್ತು. ಸಂಜೆ ಹೊರಡುವಾಗ ಬಾಡಿದ ಹೂವನ್ನೇ ಮುಡಿದು ಬಸ್ಸು ಹತ್ತುತ್ತಿದ್ದೆ. ನಮ್ಮ ಸಹಾಯಕ ಏಳುಮಲೈ, "ಮಾಮಿ, ಹೂವು ಇಲಿಗಿಂತ ಜಾಸ್ತಿ ಮುದಿಯಾಯ್ತು" ಅಂತ ದಿನವೂ ಛೇಡಿಸುತ್ತಿದ್ದ.

ಆ ಕಾಲದಲ್ಲಿ ಇಲಿಯ ಮೆದುಳು ಏನು ಮಾಡುತ್ತಿದೆ ಎಂದು ತಿಳಿಯಬೇಕಾದರೆ ತಲೆಯಿಂದ ಸಣ್ಣ ತಂತಿ ಹೊರಡಬೇಕು, ಅದು ಪೆನ್ನಿಗೆ ಸೇರಬೇಕು, ಪೆನ್ನು ಉದ್ದನೆಯ ಕಾಗದದ ಸುರುಳಿಯ ಮೇಲೆ ಗೆರೆ ಬರೆಯಬೇಕು. ಸುರುಳಿಯ ಕಾಗದ ನಡು ಮಧ್ಯಾಹ್ನ ಮುಗಿಯುತ್ತಿತ್ತು, ಶಾಯಿ ಒಣಗುತ್ತಿತ್ತು, ಇಲಿ ತಂತಿಯನ್ನೇ ಕಡಿದು ಹಾಕುತ್ತಿತ್ತು. ಈಗ ಚರ್ಮದ ಕೆಳಗೆ ಹುಣಸೆಬೀಜದಷ್ಟು ಪುಟ್ಟ ಯಂತ್ರ ಇಡುತ್ತಾರೆ. ಇಲಿ ಓಡಾಡಿಕೊಂಡಿದ್ದರೂ ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ಗೆರೆ ಬರುತ್ತದೆ. ಗೆರೆ ಹೇಗಿದ್ದರೆ ಮೆದುಳು ಚುರುಕು, ಹೇಗಿದ್ದರೆ ಮಂಕು ಎಂಬುದನ್ನು ನೋಡಿ ನೋಡಿ ನಾನೂ ಕಲಿತೆ. ಡಿಗ್ರಿ ಇಲ್ಲದವರಿಗೆ ಕಣ್ಣೇ ಡಿಗ್ರಿ.

ಇನ್ನು ಚೈತ್ರಾಳ ವಿಷಯ. ಮೈಸೂರಿನ ಹುಡುಗಿ, ಪಿಎಚ್‌ಡಿ ಮಾಡಲು ಬಂದವಳು. ಮೊದಲ ದಿನ ನನ್ನ ಹೆಸರು ಕೇಳಿ, "ಕನ್ನಡದವರಾ ಆಂಟಿ? ಸದ್ಯ, ಬದುಕಿದೆ" ಅಂದಳು. ಬದುಕಿದ್ದು ನಾನು. ಅವಳ ಪ್ರಶ್ನೆ ಇಷ್ಟೇ: ವಯಸ್ಸಾದ ಇಲಿ ಇರುವ ಜಾಗ ಚೆನ್ನಾಗಿದ್ದರೆ ಅದರ ಮೆದುಳು ಎಷ್ಟು ಚುರುಕಾಗಿರುತ್ತದೆ? ಇಲಿಗೆ ಎರಡು ವರ್ಷ ದಾಟಿದರೆ ಮುದಿ ಅಂತಲೇ ಲೆಕ್ಕ. ಅಂಥ ಮುದುಕರನ್ನು ಎರಡು ಪಾಲು ಮಾಡಿದಳು. ಒಂದು ಪಾಲಿಗೆ ದೊಡ್ಡ ಪಂಜರ, ಏಣಿ, ಸುರಂಗ, ಓಡುವ ಚಕ್ರ, ಜೊತೆಗೆ ಸಂಗಾತಿಗಳು, ವಾರಕ್ಕೊಮ್ಮೆ ಹೊಸ ಆಟದ ಸಾಮಾನು. ಆ ಕೋಣೆಗೆ ನಾವು ಸಂತೆ ಕೋಣೆ ಅನ್ನುತ್ತಿದ್ದೆವು. ಇನ್ನೊಂದು ಪಾಲಿಗೆ ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಪಂಜರ, ಹಾಸಲು ಮರದ ಹೊಟ್ಟು, ಮೇವು, ನೀರು. ಬೇರೇನೂ ಇಲ್ಲ. ಅದು ಸಾದಾ ಕೋಣೆ.

ವಾರ ವಾರ ಹೊಸ ಸಾಮಾನು ಎಲ್ಲಿಂದ ತರುವುದು? ನಾನು ಮಹಾ ಜಾಣೆ, ನಮ್ಮ ಮನೆಯ ದಸರಾ ಗೊಂಬೆಗಳ ಪೆಟ್ಟಿಗೆಯಿಂದ ಅಜ್ಜಿಯ ಕಾಲದ ಚನ್ನಪಟ್ಟಣದ ಅಡುಗೆ ಆಟಿಕೆಗಳನ್ನು ತಂದೆ. ಪುಟ್ಟ ಒರಳು, ಪುಟ್ಟ ಬೀಸುಕಲ್ಲು, ಪುಟ್ಟ ಕೊಡ. ಪ್ರಾಣಿ ವಿಭಾಗಕ್ಕೆ ಏನೇ ಬಂದರೂ ಮೊದಲು ಆವಿಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲಬೇಕು. ಬೇಯಿಸಿದೆ. ಅದಕ್ಕೆ ಮೆರುಗು ಬರುವುದು ಅರಗಿನಿಂದ ಅನ್ನುವುದು ಯಾರಿಗೆ ನೆನಪು. ಬಾಗಿಲು ತೆಗೆದರೆ ಕೆಂಪು, ಹಳದಿ, ಹಸಿರು ಎಲ್ಲಾ ಕರಗಿ ಒಂದೇ ಮುದ್ದೆ. ಗಟ್ಟಿ ಉಳಿದಿದ್ದ ಒರಳೊಂದನ್ನು ಆಸೆಗೆ ಪಂಜರದಲ್ಲಿಟ್ಟೆ. ಮರುದಿನ ಬೆಳಿಗ್ಗೆ ಸೇತುರಾಮನ್ ಸರ್ ಬಂದು ನೋಡಿದಾಗ ನಾಲ್ಕು ಬಿಳಿ ಇಲಿಗಳಿಗೂ ಬಾಯಿ ಕೆಂಪಗಾಗಿತ್ತು. ಅವರು ಬಗ್ಗಿ ಒಂದೊಂದರ ಬಾಯಿಯನ್ನೂ ನೋಡಿದರು. ಆಮೇಲೆ ತಮಿಳಿನಲ್ಲಿ, "ಮಾಮಿ, ಇವರಿಗೆ ವೀಳ್ಯ ಕೊಟ್ಟವರು ಯಾರು?" ಅಂತ ಕೇಳಿದರು. ಏಳುಮಲೈ ನಗು ತಡೆಯಲಾರದೆ ಬಕೆಟ್ಟು ಹಿಡಿದು ಓಡಿದ.

ಆದರೂ ಸಂತೆ ಕೋಣೆಯಲ್ಲಿ ಏನು ಸಂಭ್ರಮ ಅಂತೀರಿ. ಮೂಲೆ ಹಿಡಿದು ಕೂತಿದ್ದ ಮುದುಕರು ಎರಡನೇ ವಾರಕ್ಕೆ ಏಣಿ ಹತ್ತಿದರು. ಒಬ್ಬ ಸುರಂಗದಲ್ಲಿ ಹೊಟ್ಟು ತುಂಬಿ ಬಾಗಿಲು ಹಾಕಿಕೊಂಡ. ಇನ್ನೊಬ್ಬ ಆಟಕ್ಕೆಂದು ಹಾಕಿದ್ದ ಖಾಲಿ ಕನ್ನಡಕದ ಡಬ್ಬಿಯನ್ನು ಪಂಜರವೆಲ್ಲ ಎಳೆದು ಸುಸ್ತಾಗಿ ಅದರ ಮೇಲೇ ಮಲಗಿದ. ಗೆರೆಗಳು ಏರಿದವು. ನನಗಂತೂ ಬಸ್ಸಿನಲ್ಲಿ ಒಬ್ಬಳೇ ನಗು ಬರುತ್ತಿತ್ತು.

ಸಾದಾ ಕೋಣೆಯದು ಬೇರೆಯೇ ಕಥೆ. ಇಲಿಗಳ ರಾತ್ರಿಯನ್ನು ನಾವು ಹಗಲಿಗೆ ತಿರುಗಿಸಿದ್ದೆವು, ಹಾಗಾಗಿ ಮಧ್ಯಾಹ್ನ ಆ ಕೋಣೆಯಲ್ಲಿ ಸಣ್ಣದೊಂದು ಕೆಂಪು ದೀಪ ಮಾತ್ರ. ಅವು ಎಚ್ಚರವಾಗಿ, ಏನೂ ಮಾಡಲು ಇಲ್ಲದೆ, ಗೋಡೆ ನೋಡುತ್ತಾ ಕೂತಿರುತ್ತಿದ್ದವು. ನಿಯಮ ಕಟ್ಟುನಿಟ್ಟು: ಯಾವ ಸಾಮಾನನ್ನೂ ಇಡಕೂಡದು, ಮೇವು ನೀರು ಹಾಕಿ ಹೊರಗೆ ಬರಬೇಕು. ನಾನು ಒಂದು ಹುಲ್ಲುಕಡ್ಡಿ ಕೂಡ ಇಡಲಿಲ್ಲ, ದೇವರಾಣೆ. ಆದರೆ ಊಟದ ಹೊತ್ತಿನಲ್ಲಿ ಐದು ನಿಮಿಷ ನಿಂತು ಮಾತಾಡಿಸುತ್ತಿದ್ದೆ. ಬೆರಳನ್ನು ಸರಳಿನ ಹತ್ತಿರ ಹಿಡಿದರೆ ಬಂದು ಮೂಸುತ್ತಿದ್ದವು. "ಏನ್ರೋ ಮುದುಕರಾ, ಊಟ ಆಯ್ತಾ? ಇವತ್ತು ನಮ್ಮನೆಲಿ ಹೀರೆಕಾಯಿ ಕೂಟು ಪಣ್ಣಿದ್ದೆ, ಒಬ್ಬರೂ ಚೆನ್ನಾಗಿದೆ ಅನ್ನಲಿಲ್ಲ." ಇಷ್ಟೇ. ಕೇಳುವವರು ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು, ಮನೆಯಲ್ಲಿ ಸಿಗದ ಭಾಗ್ಯ. ನನ್ನ ಬಾಯಿಯೂ ಒಂದು ಸಾಮಾನು ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ.

ಮುದುಕರು ಸತ್ತಂತೆ ಆ ಜಾಗಕ್ಕೆ ಹೊಸ ಮುದುಕರು ಬರುತ್ತಿದ್ದರು. ಹೀಗೇ ಎರಡೂವರೆ ವರ್ಷ ಕಳೆದು ಚೈತ್ರಾ ಪ್ರಬಂಧ ಬರೆಯಲು ಕೂತಳು. ಬೇಸಿಗೆಯಲ್ಲಿ ಪರೀಕ್ಷೆ, ಅದು ಮುಗಿದ ಮರುತಿಂಗಳು ಮೈಸೂರಿನಲ್ಲಿ ಅವಳ ಮದುವೆ, ಛತ್ರ ಹಿಡಿದಾಗಿತ್ತು. ಆಗ ಒಂದು ತೊಡಕು ಕಂಡಿತು. ಸಾದಾ ಕೋಣೆಯ ಗೆರೆ ಮಂಕಾಗಿಯೇ ಇರಬೇಕಲ್ಲ? ಮಂಕಾಗಿಯೇ ಇತ್ತು, ಆದರೆ ಹದಿನಾಲ್ಕು ಹದಿನೈದು ದಿನಕ್ಕೊಮ್ಮೆ ಎಲ್ಲ ಇಲಿಗಳ ಗೆರೆಯೂ ಒಟ್ಟಿಗೆ ಏರುತ್ತಿತ್ತು. ಮೇವಿನ ಮೂಟೆ ಬದಲಾದ ದಿನ ನೋಡಿದಳು, ಹೊಟ್ಟು ಬದಲಾದ ದಿನ ನೋಡಿದಳು, ಕರೆಂಟು ಹೋದ ದಿನ ನೋಡಿದಳು. ಯಾವುದೂ ಕೂಡಲಿಲ್ಲ.

ಒಂದು ಶುಕ್ರವಾರ ಕಣ್ಣು ಅರಳಿಸಿಕೊಂಡು ಓಡಿ ಬಂದಳು. "ಆಂಟಿ, ಹದಿನೈದು ದಿನಕ್ಕೊಂದ್ಸಲ ಅಂದ್ರೆ ಏನು ಹೇಳಿ? ಚಂದ್ರ. ವಯಸ್ಸಾದ ಇಲಿಗೆ ಕತ್ತಲೆ ಕೋಣೇಲಿದ್ರೂ ಚಂದ್ರ ಗೊತ್ತಾಗುತ್ತೆ. ಇದನ್ನ ಯಾರೂ ಹೇಳಿಲ್ಲ ಆಂಟಿ."

"ಸೇತುರಾಮನ್ ಸರ್ ಏನಂದರು?"

"ಅವ್ರು ತಮಾಷೆ ಮಾಡ್ತಾರೆ. ಕೆಲವು ಸಲ ಏರ್ಬೇಕಾದ ದಿನ ಏರಿಲ್ಲ, ಆ ದಿನ ಎಲ್ಲಾ ಭಾನುವಾರ. ಏನಮ್ಮಾ, ಚಂದ್ರನಿಗೂ ವಾರದ ರಜೆ ಇದೆಯಾ ಅಂತ ಕೇಳಿದ್ರು. ನೀವು ಮನೆಯಿಂದ ಪಂಚಾಂಗ ತಂದ್ಕೊಡ್ತೀರಾ? ಅಮಾವಾಸ್ಯೆ, ಹುಣ್ಣಿಮೆ ಹಾಕಿ ನೋಡ್ತೀನಿ."

ತಾರೀಕುಗಳ ಪಟ್ಟಿ ಕೊಟ್ಟಳು. ನಾನು ಸಂಜೆ ಕೈಕಾಲು ತೊಳೆದು, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು, ಹೆಮ್ಮೆಯಿಂದ ಪಂಚಾಂಗ ಬಿಚ್ಚಿದೆ. ಇಂಥ ದೊಡ್ಡ ಸಂಗತಿಗೆ ನನ್ನ ಪಂಚಾಂಗ ಬೇಕಾಯಿತಲ್ಲ ಅಂತ ಖುಷಿ. ಮೊದಲ ತಾರೀಕು ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ. ಎರಡನೆಯದು ಹುಣ್ಣಿಮೆಗೆ ನಾಲ್ಕು ದಿನ ಮುಂಚೆ. ಮೂರನೆಯದೂ ಹಾಗೇ. ಆ ಸಾಲುಗಳ ಪಕ್ಕದಲ್ಲೆಲ್ಲ ಆಗಲೇ ಕೆಂಪು ಶಾಯಿಯಲ್ಲಿ ಒಂದೊಂದು ಸುತ್ತು ಇತ್ತು. ಹಾಕಿದವಳು ನಾನೇ, ಯುಗಾದಿಯ ದಿನ ಕೂತು, ಇಡೀ ವರ್ಷದ ಏಕಾದಶಿಗಳಿಗೆ.

ನಮ್ಮದು ಕಟ್ಟಾ ಏಕಾದಶಿ, ಒಂದು ತೊಟ್ಟು ನೀರೂ ಇಲ್ಲ. ಆ ದಿನ ಊಟದ ಹೊತ್ತಿಗೆ ಕ್ಯಾಂಟೀನಿನ ಮೆದುವಡೆಯ ವಾಸನೆ ಬಂದರೆ ನನಗೆ ವೈಕುಂಠವೇ ಬೇಡ ಅನ್ನಿಸುತ್ತದೆ. ಅದಕ್ಕೆ ವಾಸನೆ ಬಾರದ ಒಂದೇ ಜಾಗಕ್ಕೆ, ಸಾದಾ ಕೋಣೆಗೆ ಹೋಗಿ ಸ್ಟೂಲು ಹಾಕಿಕೊಂಡು ಒಂದು ಗಂಟೆ ಪೂರಾ ಕೂತು ಬಿಡುತ್ತಿದ್ದೆ. ಹಸಿವು ಮರೆಯಲು ಮಾತು, ಮಾತು, ಮಾತು. ಪಕ್ಕದ ಮನೆಯವರ ಜಗಳ, ನನ್ನ ಮಂಡಿನೋವು, ನಾಳೆಯ ಪಾರಣೆಗೆ ಏನು ಅಡುಗೆ, ಎಲ್ಲಾ. ಒಂದೊಂದು ಪಂಜರದ ಮುಂದೂ ಸರದಿಯ ಪ್ರಕಾರ ಸ್ಟೂಲು ಎಳೆದುಕೊಂಡು ಹೋಗುತ್ತಿದ್ದೆ, ಯಾರಿಗೂ ಬೇಜಾರಾಗಬಾರದು ಅಂತ. ಭಾನುವಾರ ಬಿದ್ದ ಏಕಾದಶಿಗೆ ಮನೆಯಲ್ಲಿರುತ್ತಿದ್ದೆ. ಚಂದ್ರನಿಗೆ ರಜೆ ಸಿಕ್ಕಿದ್ದು ಹಾಗೆ.

ಕಾಫಿ ತಣ್ಣಗಾಯಿತು. ಹೇಳಿದರೆ ಹುಡುಗಿಯ ಎರಡೂವರೆ ವರ್ಷದ ಕೆಲಸ ನೀರಿಗೆ ಹೋಯಿತು, ಪರೀಕ್ಷೆ ಹೋಯಿತು, ಮದುವೆ ಮುಂದಕ್ಕೆ ಹೋಯಿತು, ನನ್ನ ಮೂವತ್ತು ವರ್ಷದ ಒಳ್ಳೆಯ ಹೆಸರೂ ಹೋಯಿತು. ಹೇಳದೆ ಇದ್ದರೆ ಆ ಮಗು ಹತ್ತು ಜನ ಪಂಡಿತರ ಮುಂದೆ ನಿಂತು, ನಾನು ಹೀರೆಕಾಯಿ ಕೂಟಿನ ಬಗ್ಗೆ ಹರಟಿದ್ದನ್ನು ಚಂದ್ರನ ಮಹಿಮೆ ಅಂತ ಓದುತ್ತದೆ. ಇದು ನೆನಪಾದಾಗ ಅಳುವಿನ ಮಧ್ಯೆಯೇ ನಗು ಬಂತು. ಯಜಮಾನರು ಟಿವಿಯ ದನಿ ತಗ್ಗಿಸಿ, "ಏನಾಯಿತೇ?" ಅಂತ ಕೇಳಿದರು. ಅವರು ಟಿವಿಯ ದನಿ ತಗ್ಗಿಸಿದ್ದೇ ಅಪರೂಪ.

ಸೋಮವಾರ ಸೇತುರಾಮನ್ ಸರ್ ಕೋಣೆಗೆ ಹೋದೆ. ಚೈತ್ರಾಳೂ ಅಲ್ಲಿದ್ದಳು. ನಿಂತುಕೊಂಡೇ ಎಲ್ಲಾ ಹೇಳಿದೆ. ಸರ್ ಎದ್ದು ಗೋಡೆಯ ಮೇಲಿನ, ತಿಥಿ ಹಾಕಿದ ತಮಿಳು ಕ್ಯಾಲೆಂಡರನ್ನೂ, ತಮ್ಮ ಮೇಜಿನೊಳಗಿದ್ದ ಹಳೆಯದನ್ನೂ ತೆಗೆದು, ಚೈತ್ರಾಳ ಪಟ್ಟಿಯ ಪಕ್ಕ ಇಟ್ಟು ಬೆರಳಾಡಿಸುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ಮತ್ತೊಂದು ಕಡೆಯೂ ನಿಂತಿತು.

"ಮಾಮಿ, ನೀವು ಅಲ್ಲ," ಅಂದರು. ಅವರ ಮುಖದಲ್ಲಿ ನನಗಿಂತ ಹೆಚ್ಚು ಸಮಾಧಾನ. "ಇಲ್ಲಿ ನೋಡಿ, ಏಕಾದಶಿ ಬುಧವಾರ. ಗೆರೆ ಏರಿದ್ದು ಗುರುವಾರ. ಇನ್ನೊಂದು ಕಡೆಯೂ ಒಂದು ದಿನ ತಪ್ಪಿದೆ. ಬುಧವಾರ ನೀವು ಒಂದು ಗಂಟೆ ಮಾತಾಡಿದ್ದರೆ ಇಲಿ ಗುರುವಾರ ಯಾಕೆ ಏರುತ್ತದೆ? ಸುಮ್ಮನೆ ತಲೆ ಕೆಡಿಸಿಕೊಂಡಿದ್ದೀರಿ. ಹೋಗಿ, ಕಾಫಿ ಕುಡಿಯಿರಿ."

ಚೈತ್ರಾ ಉಸಿರು ಬಿಟ್ಟಳು. ನಾನು ಬಾಗಿಲ ತನಕ ಹೋದೆ. ಸತ್ಯ ಹೇಳುತ್ತೇನೆ, ಹಿಡಿಯ ಮೇಲೆ ಕೈಯಿಟ್ಟೂ ಆಯಿತು. ನ್ಯಾಯಾಧೀಶರೇ ಬಿಟ್ಟಿದ್ದಾರೆ, ನನಗೇನು? ಒಂದು ಮಾತು ಆಡದೆ ಇದ್ದರೆ ಸಾಕು. ಜೀವಮಾನದಲ್ಲಿ ಅದೊಂದು ಮಾತ್ರ ನನ್ನ ಕೈಯಲ್ಲಿ ಆಗದ ಕೆಲಸ.

"ಸರ್," ಅಂದೆ. "ನಿಮಗೆ ಬುಧವಾರ. ನಮಗೆ ಮಾಧ್ವರಿಗೆ ಬೆಳಗಿನ ಜಾವದಲ್ಲಿ ಹಿಂದಿನ ತಿಥಿ ದಶಮಿಯ ಸೋಂಕು ಇದ್ದರೆ ಆ ದಿನ ಬಿಟ್ಟು ಮರುದಿನ ಉಪವಾಸ. ನಾನು ಕೂತಿದ್ದು ಗುರುವಾರ." ಕೈಚೀಲದಿಂದ ನಮ್ಮ ಮಠದ ಪಂಚಾಂಗ ತೆಗೆದು ಅವರ ಮುಂದಿಟ್ಟೆ. ಎರಡು ಕಡೆಯೂ ಕೆಂಪು ಸುತ್ತು ಮರುದಿನಕ್ಕೇ ಇತ್ತು.

ಸರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಹಾಗಾದರೆ ನನ್ನ ಲ್ಯಾಬಿನ ಇಲಿಗಳು ನಿಮ್ಮ ಮಠದ ಪಂಚಾಂಗ ನೋಡುತ್ತಿವೆ," ಅಂದರು. ಅವರ ಹೊಟ್ಟೆ ಕುಣಿಯಲು ಶುರುವಾಯಿತು. ನನಗೂ ನಗು ಉಕ್ಕಿ ಬಂತು. ಅಷ್ಟರಲ್ಲಿ ಚೈತ್ರಾ ಎದ್ದು, ಪಟ್ಟಿಯನ್ನು ಮಡಚಿಕೊಂಡು, ನನ್ನ ಮುಖ ನೋಡದೆ ಹೊರಗೆ ಹೋದಳು. ನಗು ಅಲ್ಲಿಗೇ ನಿಂತಿತು.

ಎಂಟು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಪರೀಕ್ಷೆ ಒಂದು ವರ್ಷ ಮುಂದಕ್ಕೆ ಹೋಯಿತು, ಮದುವೆಯೂ. ಮೈಸೂರಿಗೆ ಫೋನು ಮಾಡಿ ಛತ್ರ ಬೇಡವೆಂದು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಅವಳ ದನಿ ಒಡೆದಿತ್ತು, ನನಗೆ ಭೂಮಿಯೊಳಗೆ ಇಳಿದುಬಿಡೋಣ ಅನ್ನಿಸಿತು. ಸೇತುರಾಮನ್ ಸರ್ ನನ್ನನ್ನು ಸಾದಾ ಕೋಣೆಯಿಂದ ಹೊರಗಿಟ್ಟು ಆ ಕೆಲಸವನ್ನು ಏಳುಮಲೈಗೆ ಕೊಟ್ಟರು. ಬಾಯಿ ಬಿಡಕೂಡದು ಎಂದು ಅವನಿಗೆ ಎರಡು ಸಲ ಹೇಳಿದರು. ನನ್ನ ಮೇಲೆ ಬೇರೆ ದೂರು ಬರೆಯಲಿಲ್ಲ.

ಎರಡು ತಿಂಗಳಲ್ಲಿ ನಾಲ್ಕು ಏಕಾದಶಿ ಬಂದು ಹೋದವು. ಗೆರೆ ಒಂದು ಕೂದಲಿನಷ್ಟೂ ಮೇಲೆ ಏಳಲಿಲ್ಲ. ಆಗ ಸರ್ ಚೀಟಿ ಎತ್ತುವ ಪದ್ಧತಿ ಹಾಕಿದರು. ಬೆಳಿಗ್ಗೆ ಬರ್ಣಿಯಿಂದ ಒಂದು ಚೀಟಿ. 'ಹೋಗು' ಅಂತ ಬಂದರೆ ಮಧ್ಯಾಹ್ನ ಒಂದು ಗಂಟೆ ಸ್ಟೂಲು ಹಾಕಿ ಮಾತಾಡಬೇಕು, 'ಬೇಡ' ಅಂತ ಬಂದರೆ ಆ ಕಡೆ ಸುಳಿಯಕೂಡದು. ಮಾತಾಡುವುದು ಕೆಲಸವೇ ಆದ ಭಾಗ್ಯವಂತೆ ಇಡೀ ಮದ್ರಾಸಿನಲ್ಲಿ ನಾನೊಬ್ಬಳೇ ಇರಬೇಕು. 'ಹೋಗು' ಬಂದ ದಿನ ಗೆರೆ ಏರಿತು, 'ಬೇಡ' ಬಂದ ದಿನ ಮಲಗಿತು. ಬರೀ ನನ್ನ ದನಿಯನ್ನು ಮುದ್ರಿಸಿ ಕೇಳಿಸಿದಾಗ ಒಂದೆರಡು ದಿನ ಕಿವಿ ನಿಮಿರಿಸಿದವು, ಆಮೇಲೆ ಬೆನ್ನು ತಿರುಗಿಸಿದವು. ನಮ್ಮ ಯಜಮಾನರೂ ಹಾಗೇ.

ಚೈತ್ರಾ ಒಂದು ಮಧ್ಯಾಹ್ನ ಬಂದು ಸಾದಾ ಕೋಣೆಯ ಬಾಗಿಲಲ್ಲಿ ನಿಂತಳು. "ಸಂತೆ ಕೋಣೆ ಯಾವತ್ತೂ ಮೇಲೇ ಇದೆ ಆಂಟಿ, ಅದೇನೂ ಹಾಳಾಗಿಲ್ಲ. ಇದು ಹೊಸ ಅಧ್ಯಾಯ ಆಗುತ್ತೆ," ಅಂದಳು. ಸ್ವಲ್ಪ ತಡೆದು, "ನೀವು ಆವತ್ತು ಬಾಗಿಲು ದಾಟಿ ಹೋಗಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಅಂದಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ, ಆದರೆ ನನ್ನ ಮುಖ ನೋಡಿ ಹೇಳಿದಳು.

ಅವಳ ಪರೀಕ್ಷೆಗೆ ಮೂರು ತಿಂಗಳು ಇರುವಾಗ ನನಗೆ ನಿವೃತ್ತಿಯಾಯಿತು. ಹಾರ ಹಾಕಿದರು, ಏಳುಮಲೈ ಆ ಮೊಳೆಯನ್ನೇ ಕಿತ್ತು ಕಾಗದದಲ್ಲಿ ಸುತ್ತಿ ಕೊಟ್ಟ. ಆಮೇಲೆ ಮನೆ. ಬೆಳಿಗ್ಗೆ ಎದ್ದರೆ ಅಡುಗೆ, ಮಧ್ಯಾಹ್ನ ಗೋಡೆ. ಏಕಾದಶಿಯ ದಿನವಂತೂ ಅಡುಗೆಯೂ ಇಲ್ಲ, ಗೋಡೆ ಮಾತ್ರ. ಮಾತಿಗೆ ಯಾರೂ ಸಿಗದೆ ಒಂದು ಸಲ ಪ್ರೆಶರ್ ಕುಕ್ಕರಿಗೆ ಮಂಡಿನೋವಿನ ಕಥೆ ಹೇಳಿದೆ. ಅದಾದರೂ ಕೂಗಿ ಉತ್ತರ ಕೊಟ್ಟಿತು.

ಪರೀಕ್ಷೆಯ ದಿನ ಚೈತ್ರಾ ನನ್ನನ್ನು ಕರೆಸಿ ಹಿಂದಿನ ಸಾಲಿನಲ್ಲಿ ಕೂರಿಸಿದಳು. ಹೊರಗಿನಿಂದ ಬಂದ ಪರೀಕ್ಷಕರು ಚೀಟಿಯ ಕಥೆ ಕೇಳಿ, ಆ ಹೆಂಗಸು ಇಲಿಗಳಿಗೆ ಏನು ಹೇಳುತ್ತಿದ್ದರು ಎಂದು ಕೇಳಿದರು. ಚೈತ್ರಾ ನನ್ನ ಕಡೆ ಕೈ ತೋರಿಸಿದಳು. ನಾನು ಎದ್ದು ನಿಂತೆ. ಇಂಗ್ಲಿಷು ಹೊಳೆಯಲಿಲ್ಲ. "ಏನ್ರೋ ಮುದುಕರಾ, ಊಟ ಆಯ್ತಾ?" ಅಂತಿದ್ದೆ ಸರ್, ಅಂದೆ. ಸೇತುರಾಮನ್ ಸರ್ ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ನಗುವಿನಲ್ಲಿ ಮುಳುಗಿದರು. ಸಭೆ ಇಡೀ ನಕ್ಕಿತು, ಹುಡುಗಿ ಪಾಸಾದಳು.

ಎಲ್ಲರೂ ಕಾಫಿಗೆ ಹೋದ ಮೇಲೆ ಅವಳು ಕಂಪ್ಯೂಟರಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದಳು. ಪ್ರಬಂಧದಲ್ಲಿ ಇಲ್ಲದ್ದು. ಸಾದಾ ಕೋಣೆಯಲ್ಲಿ ಉಳಿದಿದ್ದ ಆರು ಮುದುಕರ ಗೆರೆ, ನಾನು ಬಿಟ್ಟ ಮೇಲಿನದು. ಮೊದಲ ಎರಡು ವಾರ ಮಂಕು. ಆಮೇಲೆ ಒಂದು ದಿನ ಏರಿತ್ತು, ಹದಿನೈದು ದಿನ ಬಿಟ್ಟು ಮತ್ತೆ, ಮತ್ತೆ.

"ಇದೇನೇ ಇದು?"

"ಪ್ರಯೋಗ ಮುಗಿದಿತ್ತು ಆಂಟಿ. ಆದ್ರೆ ಊಟದ ಹೊತ್ತಿಗೆ ಆರೂ ಬಾಗಿಲ ಕಡೆ ತಿರುಗಿ ಕೂತಿರ್ತಿದ್ವು. ನೋಡಕ್ಕಾಗ್ಲಿಲ್ಲ. ಏಕಾದಶಿ ದಿನ ಸ್ಟೂಲು ಹಾಕ್ಕೊಂಡು ನಾನೇ ಕೂತೆ."

"ಏನು ಹೇಳ್ತಿದ್ದೆ ಅವುಗಳಿಗೆ?"

"ನಿಮ್ಮ ಸುದ್ದಿನೇ. ಪದ್ಮಾಂಟಿ ಈಗ ಮನೇಲಿದಾರೆ, ಅವ್ರ ಗೆರೆ ಹೇಗಿದೆಯೋ ಗೊತ್ತಿಲ್ಲ ಅಂತ." ಕಂಪ್ಯೂಟರ್ ಮುಚ್ಚಿ, ಫೋನು ತೆಗೆದು, ತಾರೀಕು ಬರೆದುಕೊಳ್ಳಲು ಸಿದ್ಧಳಾದಳು. "ಮಧ್ಯಾಹ್ನ ಕೋಡಂಬಾಕ್ಕಂಗೆ, ನಿಮ್ಮನೆಗೆ ಬರ್ತೀನಿ, ಒಂದು ಗಂಟೆ. ಮುಂದಿನ ಏಕಾದಶಿ ಯಾವತ್ತು ಹೇಳಿ. ಕ್ಯಾಲೆಂಡರಿಂದಲ್ಲ, ನಿಮ್ಮದು."